ನಿತ್ಯದ ಸಂಚಾರಕ್ಕೆ ವಿದ್ಯುತ್ ಚಾಲಿತ ಕಾರು: ಒಂದು ಪರಿಶೀಲನೆ

ವಿದ್ಯುತ್ ಚಾಲಿತ ಕಾರು ಕರ್ನಾಟಕಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ಸೀಸ-ಆಮ್ಲ ಬ್ಯಾಟರಿಯ ಆ ಪುಟ್ಟ ವಾಹನವು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಕ್ರಮಿಸುತ್ತಿತ್ತು. ಲಿಥಿಯಂ-ಅಯಾನ್ ಬ್ಯಾಟರಿಯೊಂದಿಗೆ 2020ರಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇ.ವಿ.ಯ ಪ್ರಮಾಣೀಕೃತ ದೂರ 312 ಕಿ.ಮೀ. ಆಗಿತ್ತು. ಆದಾಗ್ಯೂ, ಸಾಲ ಮಾಡಿ ಕೊಳ್ಳುವ ಇಂತಹ ಕಾರು ನಿತ್ಯದ ಬಳಕೆಗೆ ಒದಗುವುದೇ ಎಂಬ ಪ್ರಶ್ನೆ ಸಾಮಾನ್ಯ ಕುಟುಂಬಗಳಲ್ಲಿ ಉಳಿದಿದೆ. ಈ ಹಿನ್ನೆಲೆಯಲ್ಲಿ ಕೆಳಕಂಡ ಅಂಶಗಳನ್ನು ಪರಿಶೀಲಿಸಬಹುದಾಗಿದೆ.

1. ದೂರ ಮತ್ತು ಚಾರ್ಜಿಂಗ್
ಮನೆಯ 15 ಆಂಪಿಯರ್ ಸಾಕೆಟ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ವಿದ್ಯುತ್ ದೊರೆಯುತ್ತದೆ. ಚಾರ್ಜಿಂಗ್ ನಷ್ಟವೂ ಸೇರಿ ಯೂನಿಟ್‌ಗೆ 6 ಕಿ.ಮೀ. ಎಂದು ಭಾವಿಸಿದಲ್ಲಿ, ದಿನಕ್ಕೆ 40 ಕಿ.ಮೀ. ಸಂಚರಿಸುವವರಿಗೆ ರಾತ್ರಿ ಎರಡೂವರೆ ಗಂಟೆಯ ಚಾರ್ಜಿಂಗ್ ಸಾಕು. ಆದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರಲು ಸುಮಾರು 290 ಕಿ.ಮೀ. ಆಗುತ್ತದೆ. ವಾಸ್ತವ ಬಳಕೆಯಲ್ಲಿ ದೊರೆಯುವ ದೂರವು ಪ್ರಮಾಣೀಕೃತ ದೂರಕ್ಕಿಂತ ಕಡಿಮೆ ಇರುವುದರಿಂದ, ಸಣ್ಣ ಬ್ಯಾಟರಿಯ ಕಾರನ್ನು ಇಂತಹ ಪ್ರಯಾಣದಲ್ಲಿ ಮಧ್ಯೆ ಚಾರ್ಜ್ ಮಾಡಬೇಕಾಗುತ್ತದೆ.

2. ಖರ್ಚಿನ ಲೆಕ್ಕ
ವಿದ್ಯುತ್ ಕಾರಿನ ಬೆಲೆ ಸಮಾನ ಪೆಟ್ರೋಲ್ ಕಾರಿಗಿಂತ 3 ಲಕ್ಷ ರೂ. ಹೆಚ್ಚು, ಪೆಟ್ರೋಲ್ ಲೀಟರಿಗೆ 100 ರೂ., ಮೈಲೇಜ್ 15 ಕಿ.ಮೀ., ಮನೆಯ ವಿದ್ಯುತ್ ಯೂನಿಟ್‌ಗೆ 7 ರೂ. ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ.

ಅ) ತಿಂಗಳಿಗೆ 1,000 ಕಿ.ಮೀ., ಮನೆಯಲ್ಲಿ ಚಾರ್ಜಿಂಗ್: ಉಳಿತಾಯ ಸುಮಾರು 5,500 ರೂ. ಹೆಚ್ಚುವರಿ ಬೆಲೆ ನಾಲ್ಕೂವರೆ ವರ್ಷಗಳಲ್ಲಿ ಮರಳುತ್ತದೆ.
ಆ) ಅಷ್ಟೇ ದೂರ, ಯೂನಿಟ್‌ಗೆ 20 ರೂ. ದರದ ಸಾರ್ವಜನಿಕ ಕೇಂದ್ರದಲ್ಲಿ ಚಾರ್ಜಿಂಗ್: ಏಳೂವರೆ ವರ್ಷ.
ಇ) ತಿಂಗಳಿಗೆ 400 ಕಿ.ಮೀ., ಮನೆಯಲ್ಲಿ ಚಾರ್ಜಿಂಗ್: ಹನ್ನೊಂದು ವರ್ಷಕ್ಕೂ ಹೆಚ್ಚು.

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.60 ಲಕ್ಷ ಕಿ.ಮೀ. ವಾರಂಟಿ ನೀಡುತ್ತವೆ. ಮೂರನೆಯ ಉದಾಹರಣೆಯಲ್ಲಿ ಹಣ ಮರಳುವ ಮುನ್ನವೇ ಈ ಅವಧಿ ಮುಗಿಯುತ್ತದೆ. ಸಾಲದ ಬಡ್ಡಿಯನ್ನು ಸೇರಿಸಿದಲ್ಲಿ ಎಲ್ಲ ಅವಧಿಗಳೂ ದೀರ್ಘವಾಗುತ್ತವೆ. ಅಂದರೆ, ಹೆಚ್ಚು ಓಡಾಡುವವರಿಗೆ ಲಾಭ. ಉಳಿತಾಯಕ್ಕೆಂದೇ ಕೊಂಡು ಕಾರನ್ನು ಮನೆಯಲ್ಲಿ ನಿಲ್ಲಿಸುವವರಿಗೆ ನಷ್ಟ.

3. ತೆರಿಗೆ ಮತ್ತು ವಿದ್ಯುತ್ ಬಿಲ್
2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಜಿ.ಎಸ್.ಟಿ.ಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ದರವೂ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ, ವಿದ್ಯುತ್ ಕಾರಿಗಿದ್ದ ತೆರಿಗೆಯ ಅನುಕೂಲ ಕುಗ್ಗಿದೆ. ರಾಜ್ಯದಲ್ಲಿ 2024ರಲ್ಲಿ 25 ಲಕ್ಷ ರೂ. ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಿತಾವಧಿ ತೆರಿಗೆ ವಿಧಿಸಲಾಯಿತು.

ತಿಂಗಳಿಗೆ 1,000 ಕಿ.ಮೀ. ಸಂಚಾರಕ್ಕೆ ಸುಮಾರು 167 ಯೂನಿಟ್ ಬೇಕು. ಗೃಹಜ್ಯೋತಿ ಯೋಜನೆಯಡಿ ತಿಂಗಳ ಒಟ್ಟು ಬಳಕೆ 200 ಯೂನಿಟ್ ಮೀರಿದಲ್ಲಿ ಪೂರ್ಣ ಬಿಲ್ ಪಾವತಿಸಬೇಕಾಗುತ್ತದೆ. ಈ ಹೊರೆಯನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.

4. ಖರೀದಿಗೆ ಮುನ್ನ
ಕೇಂದ್ರ ಇಂಧನ ಸಚಿವಾಲಯದ 2018ರ ಮಾರ್ಗಸೂಚಿಯು ಮನೆ ಮತ್ತು ಕಚೇರಿಗಳಲ್ಲಿ ಖಾಸಗಿ ಚಾರ್ಜಿಂಗ್‌ಗೆ ಅವಕಾಶ ಕಲ್ಪಿಸಿದೆ. ಆದರೂ ಬಾಡಿಗೆ ಮನೆಯವರು ಮಾಲೀಕರ, ಅಪಾರ್ಟ್‌ಮೆಂಟ್ ನಿವಾಸಿಗಳು ಸಂಘದ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದು ಸೂಕ್ತ. ಸ್ವಂತ ಪಾರ್ಕಿಂಗ್ ಸ್ಥಳ, ಅಲ್ಲಿ ಸಾಕೆಟ್ ಮತ್ತು ಸಮರ್ಪಕ ಅರ್ಥಿಂಗ್, ತಿಂಗಳ ಸರಾಸರಿ ಓಡಾಟ, ಖರೀದಿಯ ದಿನದ ತೆರಿಗೆ ದರ ಇವುಗಳನ್ನು ಖಚಿತಪಡಿಸಿಕೊಂಡು, ತಮ್ಮದೇ ಅಂಕಿಗಳಿಂದ ಲೆಕ್ಕ ಹಾಕಿ ನಿರ್ಧರಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.