ಬಾಯಿಮಾತಿನ ಪಾಲು ನಿಲ್ಲದು



ತರಗುಪೇಟೆಯ ಮಂಡಿಗೆ ರಾಗಿ ಹಾಕುತ್ತಿದ್ದ ಕಾಲದಿಂದಲೂ ನಾವು ತೂಕದ ಚೀಟಿಯನ್ನು ಎರಡು ಸಲ ನೋಡಿದವರು. ಜಮೀನು ಪಾಲಾಗುವಾಗ ಮಾತ್ರ ಬಾಯಿಮಾತು ಸಾಕು ಅಂತೀವಿ, ಹೆಣ್ಣುಮಕ್ಕಳನ್ನು ಕರೆಯೋದೇ ಇಲ್ಲ.

ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮದುವೆಯಾಗದ ಮಗಳಿಗೆ ನಮ್ಮ ರಾಜ್ಯ 1994ರಲ್ಲೇ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವಳಿಗೂ ಕೊಟ್ಟಿತು. ಆ ದಿನ ಅಪ್ಪ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರಾದ ವಿಭಾಗ ಕದಲದು. ಈಗ ಅವಳನ್ನು ಬಿಟ್ಟು ಬರೆದ ಪಾಲುಪಟ್ಟಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ದಾವೆ ಬಿದ್ದ ಜಮೀನಿನ ಮೇಲೆ ಸಾಲ ಹುಟ್ಟದು, ಹಳೇ ಸಾಲದ ಬಡ್ಡಿಯೂ ನಿಲ್ಲದು.

ಬೆಳೆಗೆ ನ್ಯಾಯದ ಬೆಲೆ ಕೇಳುವ ನಾವು, ಅದೇ ಹೊಲದಲ್ಲಿ ಕಳೆ ಕಿತ್ತ ಮಗಳಿಗೆ ನ್ಯಾಯದ ಪಾಲು ಕೊಡಬೇಡವೇ? ಕೈಕಾಲು ಗಟ್ಟಿಯಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿ, ಆಸ್ತಿಯ ಜೊತೆ ಸಾಲವನ್ನೂ ಲೆಕ್ಕ ಹಾಕಿ, ವಿಭಾಗಪತ್ರ ರಿಜಿಸ್ಟರು ಮಾಡಿಸಿ.