ಸತ್ತದ್ದು ಸ್ಪೀಕರ್ ಅಲ್ಲ, ಅದರ ಅಂಚು!

ಮಳೆಗಾಲ ಮುಗಿದು ಮನೆಗಳಿಗೆ ಸುಣ್ಣಬಣ್ಣ ಶುರುವಾಯಿತೆಂದರೆ ಶಿವಮೊಗ್ಗದ ಗುಜರಿಗಳಿಗೆ ಅಟ್ಟದ ಮಾಲು ಇಳಿಯುತ್ತದೆ. ತುಕ್ಕು ಹಿಡಿದ ಟ್ರಂಕು, ಕಾಲು ಮುರಿದ ಕುರ್ಚಿ, ಅದರ ಜೊತೆಗೆ ಒಂದು ಜೋಡಿ ಹಳೇ ಸ್ಪೀಕರ್ ಪೆಟ್ಟಿಗೆ. ಮುಂದೆ ಬಟ್ಟೆ ಬಿಗಿದ ಗಟ್ಟಿ ಮರದ ಪೆಟ್ಟಿಗೆ. ಅಪ್ಪ ಕಂತು ಕಟ್ಟಿ ತಂದದ್ದು. ಹಬ್ಬಕ್ಕೆ, ಮದುವೆಗೆ, ಭಾನುವಾರದ ಮಧ್ಯಾಹ್ನಕ್ಕೆ ಇಡೀ ವಠಾರಕ್ಕೆ ಹಾಡು ಕೇಳಿಸಿದ್ದು. ಮಗ ಈಗ “ಹೋಗ್ಲಿ ತಗೊಳ್ಳಿ, ಬರೀ ಕರ್ರ್ ಅನ್ನುತ್ತೆ” ಎಂದು ತೂಕಕ್ಕೆ ಹಾಕುತ್ತಾನೆ. ಗುಜರಿಯವನು ಮರ ಬೇರೆ, ಕಬ್ಬಿಣ ಬೇರೆ, ತಾಮ್ರ ಬೇರೆ ಮಾಡುತ್ತಾನೆ. ಅಲ್ಲಿಗೆ ಮುಗಿಯಿತು.

ಇದು ಶುದ್ಧ ನಷ್ಟದ ವ್ಯಾಪಾರ. ಷಟರಿನ ಸ್ಪ್ರಿಂಗ್ ಹೋಯಿತೆಂದು ಗಾಂಧಿ ಬಜಾರಿನಲ್ಲಿ ಯಾರೂ ಅಂಗಡಿ ಮಾರುವುದಿಲ್ಲ. ಟೈರು ಪಂಕ್ಚರ್ ಆಯಿತೆಂದು ಯಾರೂ ಬಸ್ಸನ್ನು ಗುಜರಿಗೆ ಎಳೆಸುವುದಿಲ್ಲ. ಸ್ಪೀಕರಿನ ಪಾಲಿಗೆ ಮಾತ್ರ ಈ ನ್ಯಾಯ ಯಾಕೆ ಸ್ವಾಮಿ?

ಒಳಗೆ ಇರುವುದೇನು?

ಸ್ಪೀಕರ್ ಏನು ದೇವಲೋಕದ ಯಂತ್ರವಲ್ಲ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಇಂಜಿನಿಯರುಗಳು ಪ್ರಕಟಿಸಿದ ವಿನ್ಯಾಸದ ತತ್ವವೇ ಇಂದಿಗೂ ನಡೆಯುತ್ತಿದೆ. ಒಂದು ಮ್ಯಾಗ್ನೆಟ್. ಅದರ ಕಿರಿದಾದ ಸಂದಿನಲ್ಲಿ ಆಡುವ ತಂತಿಯ ಕಾಯಿಲ್. ಕಾಯಿಲ್‌ಗೆ ಅಂಟಿದ ಕಾಗದದ ಕೋನ್. ಕೋನಿನ ಹೊರ ಅಂಚನ್ನು ಚೌಕಟ್ಟಿಗೆ ಹಿಡಿದಿಡುವ ಮೆತ್ತನೆಯ ರಿಂಗ್. ಇಷ್ಟೇ.

1970, 80ರ ದಶಕದ ಎಷ್ಟೋ ಪೆಟ್ಟಿಗೆಗಳಲ್ಲಿ ಈ ರಿಂಗ್ ಫೋಮಿನದು. ಅದರ ಆಯುಸ್ಸು ಸುಮಾರು 15-20 ವರ್ಷ. ಗಾಳಿಯ ತೇವವೇ ಅದಕ್ಕೆ ಶತ್ರು. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಫೋಮಿನ ಗತಿ ಏನಾದೀತು? ಬೆರಳು ತಾಗಿಸಿದರೆ ಅಂಟಂಟು ಪುಡಿಯಾಗಿ ಉದುರುತ್ತದೆ. ಹಿಡಿತ ತಪ್ಪಿದ ಕೋನ್ ಓರೆಯಾಗುತ್ತದೆ, ಕಾಯಿಲ್ ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಮಗನಿಗೆ ಕೇಳಿಸಿದ ‘ಕರ್ರ್’ ಇದೇ. ಮ್ಯಾಗ್ನೆಟ್ಟಿಗೆ ಏನೂ ಆಗಿಲ್ಲ, ಪೆಟ್ಟಿಗೆಗೆ ಏನೂ ಆಗಿಲ್ಲ, ಹೆಚ್ಚಿನ ಸಲ ಕಾಯಿಲ್‌ಗೂ ಏನೂ ಆಗಿಲ್ಲ. ಸತ್ತದ್ದು ಅಂಚು ಮಾತ್ರ!

ಅದಕ್ಕೂ ಹಳೆಯ ವಾಲ್ವ್ ರೇಡಿಯೋಗಳ ಕಥೆ ಬೇರೆ. ಭದ್ರಾವತಿ ಆಕಾಶವಾಣಿ ಕೇಳಿಸಿದ ಆ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಅಂಚೂ ಕಾಗದದ್ದೇ, ನೆರಿಗೆ ಹಾಕಿದ ಕಾಗದ. ಅದು ಫೋಮಿನಂತೆ ಪುಡಿಯಾಗದು. ಆದರೆ ಹರಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಇಲಿ ಕಡಿಯುತ್ತದೆ. ಸಣ್ಣ ಹರಕಿಗೆ ತೆಳು ಟಿಶ್ಯೂ ಕಾಗದ, ತೆಳುವಾಗಿ ಹಚ್ಚಿದ ಬಿಳಿ ಗೋಂದು ಸಾಕು. ಆದರೆ ವಾಲ್ವ್ ರೇಡಿಯೋದ ಹಿಂಬದಿ ಬಿಚ್ಚುವುದು ಮನೆಯವರ ಕೆಲಸವಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ಇನ್ನೂರಕ್ಕೂ ಹೆಚ್ಚು ವೋಲ್ಟ್ ಕೂತಿರಬಹುದು. ಜೀವಕ್ಕೆ ಸಂಚಕಾರ!

ಅಂಟಿಸುವುದು ಎಂದರೆ...

ಫೋಮ್ ರಿಂಗ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವರು ಬರಿಗೈಲಿ ಬರಬೇಕಾಗಿಲ್ಲ. ಕಷ್ಟ ಇರುವುದು ರಿಂಗಿನಲ್ಲಲ್ಲ, ಕೈಯಲ್ಲಿ. ಹಳೇ ಫೋಮನ್ನು ಕೋನ್ ಹರಿಯದಂತೆ ಕೆರೆದು ತೆಗೆಯಬೇಕು. ಕೋನಿನ ಅಳತೆ, ಚೌಕಟ್ಟಿನ ಅಳತೆ ನೋಡಿ ರಿಂಗ್ ಆರಿಸಬೇಕು. ಕಾಯಿಲ್ ಆಡುವ ಸಂದಿನಲ್ಲಿ ಎರಡು ಕಡೆಗೂ ಇರುವ ಜಾಗ ಒಂದು ಮಿಲಿಮೀಟರಿಗೂ ಕಡಿಮೆ. ಕೂದಲೆಳೆಯಷ್ಟು ಸರಿದರೂ ಮತ್ತೆ ಅದೇ ಕರ್ರ್. ನಡುವಿಗೆ ಸರಿಯಾಗಿ ಕೂರಿಸಿ, ಗೋಂದು ಒಣಗಲು ರಾತ್ರಿಯಿಡೀ ಬಿಡಬೇಕು. ಒಂದಕ್ಕೆ ಹಾಕಿದರೆ ಜೋಡಿಗೂ ಹಾಕಬೇಕು.

ಇಷ್ಟಾದ ಮೇಲೆ ಕೆಪಾಸಿಟರ್. ಪೆಟ್ಟಿಗೆಯೊಳಗೆ ದಪ್ಪ ಸ್ವರ ವೂಫರಿಗೆ, ಸಣ್ಣ ಸ್ವರ ಟ್ವೀಟರಿಗೆ ಎಂದು ಹಂಚಿಕೊಡುವ ಸಣ್ಣ ಬಿಡಿಭಾಗ ಅದು. ಎಲೆಕ್ಟ್ರೋಲೈಟಿಕ್ ಜಾತಿಯದಾದರೆ ವರ್ಷಗಳಲ್ಲಿ ಒಳಗೇ ಒಣಗುತ್ತದೆ, ಹಾಡು ಮಂಕಾಗುತ್ತದೆ. ಹೊಸದು ಹಾಕುವಾಗ ಅದೇ ಮೈಕ್ರೋಫ್ಯಾರಡ್, ವೋಲ್ಟ್ ಕಡಿಮೆಯಾಗದಂತೆ, ಪ್ಲಸ್-ಮೈನಸ್ ಭೇದವಿಲ್ಲದ ಜಾತಿಯದೇ ಆಗಬೇಕು.

ಈ ಕೆಲಸ ಮಾಡಿ ಕೂಲಿ ಹೇಳಿದರೆ ಗಿರಾಕಿ ಏನೆನ್ನುತ್ತಾನೆ? “ಎಂತ ಮಾರಾಯ್ರೆ, ಒಂದು ರಿಂಗ್ ಅಂಟಿಸೋಕೆ ಇಷ್ಟಾ?” ಬಿಡಿಭಾಗಕ್ಕೆ ದುಡ್ಡು ಕೊಡಲು ಬೇಸರವಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕೈಚಳಕಕ್ಕೆ ಕೊಡಲು ಮಾತ್ರ ಕೈ ಬಾರದು. ದುರ್ಗಿಗುಡಿಯಲ್ಲಿ ಸೀರೆಗೆ ಫಾಲ್ ಹಾಕಿಸಿದರೆ ಬಟ್ಟೆಗೂ ಕೊಡುತ್ತಾರೆ, ಹೊಲಿಗೆಗೂ ಕೊಡುತ್ತಾರೆ. ರಿಪೇರಿಯವನ ಹೊಟ್ಟೆ ಮಾತ್ರ ಬೇರೆಯೇ?

ಹಾಗಂತ ರಿಪೇರಿಯವರೆಲ್ಲ ಹರಿಶ್ಚಂದ್ರರು ಎಂದೇನೂ ಅಲ್ಲ. ಅಂಚು ಹೋದ ಹಳೇ ವೂಫರನ್ನು ಕಿತ್ತು ಒಳಗಿಟ್ಟುಕೊಂಡು, ಹಗುರ ಮ್ಯಾಗ್ನೆಟ್ಟಿನ ಅಗ್ಗದ ಹೊಸದನ್ನು ತುರುಕಿ ಕಳಿಸುವವರೂ ಇದ್ದಾರೆ. ಪೆಟ್ಟಿಗೆ ಅದೇ, ದನಿ ಬೇರೆ. ಗಿರಾಕಿ “ಹಳೇದು ಹಳೇದೇ ಬಿಡಿ” ಎಂದು ಸುಮ್ಮನಾಗುತ್ತಾನೆ. ಇಂಥವರಿಂದಲೇ ಒಳ್ಳೆಯ ಕೆಲಸಗಾರನ ಮೇಲೂ ಅನುಮಾನ. ಇದಕ್ಕೆ ಮದ್ದು ಸುಲಭ. ಬಿಚ್ಚುವ ಮೊದಲೇ ಏನು ಬದಲಾಗುತ್ತದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಿತ್ತ ಸಾಮಾನನ್ನು ವಾಪಸ್ ಕೇಳಿ. ಕೇಳಿದ ಮೇಲೆ ಕೂಲಿಗೆ ಚೌಕಾಸಿ ಮಾಡಬೇಡಿ.

ಮನೆಯಲ್ಲೇ ನೋಡಬಹುದಾದ್ದು

ಕಾಯಿಲ್ ಬದುಕಿದೆಯೇ ಎಂದು ತಿಳಿಯಲು ಪೆಟ್ಟಿಗೆಯಿಂದ ಬಿಚ್ಚಿದ ವೂಫರಿನ ತಂತಿಗಳಿಗೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ‘ಟಪ್’ ಎಂದು ಕೋನ್ ಹೊರಗೆ ಹಾರಿದರೆ ಕಾಯಿಲ್ ಇದೆ, ಸೆಲ್ಲಿನ ಪ್ಲಸ್ ತಾಗಿದ್ದು ಸ್ಪೀಕರಿನ ಪ್ಲಸ್. ಒಳಗೆ ಹೋದರೆ ಉಲ್ಟಾ. ಜೋಡಿಯಲ್ಲಿ ಒಂದಕ್ಕೆ ತಂತಿ ಉಲ್ಟಾ ಆಗಿದ್ದರೂ ದಪ್ಪ ಸ್ವರ ಮಾಯವಾಗುತ್ತದೆ. ಎಷ್ಟೋ ಸಲ ‘ಕೆಟ್ಟಿದೆ’ ಎನಿಸುವುದು ಇದೇ. ಮೀಟರ್ ಇದ್ದವರು ನೋಡಲಿ, 8 ಓಮ್ ಸ್ಪೀಕರ್ ಸುಮಾರು 6 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಹರಿದ ಅಂಚಿಗೆ ಫೆವಿಕ್ವಿಕ್ ಹಚ್ಚಬೇಡಿ, ಅದು ಕಲ್ಲಾಗುತ್ತದೆ. ಟ್ವೀಟರಿನ ಗುಮ್ಮಟವನ್ನು ಬೆರಳಿನಿಂದ ಒತ್ತಬೇಡಿ. ಸಣ್ಣ ಆಂಪ್ಲಿಫೈಯರಿನ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಬೇಡಿ, ಮೊದಲು ಸುಡುವುದು ಟ್ವೀಟರೇ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಗೋಡೆಯಿಂದ ಗೇಣು ದೂರ ಇಡಿ.

2022ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕಿ’ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ಸಂತೋಷ. ಆದರೆ 1978ರ ಪೆಟ್ಟಿಗೆಗೆ ಯಾವ ಕಂಪನಿ ಬಿಡಿಭಾಗ ಕೊಟ್ಟೀತು? ಇಲ್ಲಿ ಹಕ್ಕು ಉಳಿಯುವುದು ಕೆಲಸ ಬಲ್ಲ ಕೈ ಇದ್ದರೆ ಮಾತ್ರ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದುವ ಹುಡುಗರಿಗೆ ತಿಂಗಳಿಗೊಂದು ದಿನ ಹಳೇ ಮೇಸ್ತ್ರಿಯ ಮೇಜಿನ ಮುಂದೆ ಕೂರುವ ವ್ಯವಸ್ಥೆ ಆಗಲಿ. ಅದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ.

ರೇಡಿಯೋ ರಿಪೇರಿಯ ಬೋರ್ಡುಗಳು ಒಂದೊಂದಾಗಿ ಮೊಬೈಲ್ ಕವರುಗಳ ಹಿಂದೆ ಮರೆಯಾಗುತ್ತಿವೆ. ಪೆಟ್ಟಿಗೆಯಾದರೆ ಅಟ್ಟದಲ್ಲಿ ಇನ್ನೂ ಹತ್ತು ವರ್ಷ ಕಾದೀತು. ಕನ್ನಡಕದ ನಂಬರು ಏರುತ್ತಲೇ ಇರುವ ಮೇಸ್ತ್ರಿ ಅಷ್ಟು ಕಾಯಲಾರ. ರಿಪೇರಿ ಮಾಡಿಸುವುದಿದ್ದರೆ ಈಗಲೇ ಮಾಡಿಸಿ.