ಎ.ಸಿ.ಯಲ್ಲಿ ಕೂತವರ ದಣಿವನ್ನೂ ನಂಬಿ

ಲಿಂಗನೂರಿನ ಹಿರಿಯರಿಗೆ, ಅವ್ವಂದಿರಿಗೆ, ಪುಣೆ–ಬೆಂಗಳೂರುಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಓರಿಗೆಯವರಿಗೆ ಶರಣು.

2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದಾಗ ನಮ್ಮ ಕೆಲಸವನ್ನು ನೀವು ಮೊದಲ ಸಲ ಕಣ್ಣಾರೆ ನೋಡಿದಿರಿ. ರೇಂಜ್ ಸಿಗುತ್ತದೆಂದು ಮಾಳಿಗೆ ಹತ್ತಿ ಕೂತಿರುತ್ತಿದ್ದೆವು. ಮೈಗೆ ಮಣ್ಣು ಹತ್ತುವುದಿಲ್ಲ, ಬೆನ್ನಿಗೆ ಬಿಸಿಲಿಲ್ಲ, ತಿಂಗಳಾದರೆ ಪಗಾರ ಖಾತೆಗೆ ಬೀಳುತ್ತದೆ. ಇದೇನು ಕಷ್ಟದ ಕೆಲಸ ಎಂದು ನಿಮಗೆ ಅನ್ನಿಸಿದ್ದರೆ ತಪ್ಪಿಲ್ಲ. ನಮ್ಮಪ್ಪನಿಗೂ ಹಾಗೇ ಅನ್ನಿಸಿತ್ತು. ಆದರೆ ಆ ಅನಿಸಿಕೆಯ ಮುಂದೆ ನನ್ನಂಥವರು ಬಾಯಿ ಕಟ್ಟಿಕೊಂಡು ಬಿಟ್ಟೆವು. ಆ ಮೌನ ಮುರಿಯಲೆಂದೇ ಈ ಕಾಗದ.

ನಾನು ಪುಣೆಯ ಹಿಂಜವಡಿಯ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ಅಮೆರಿಕದ ಗ್ರಾಹಕರ ಕೆಲಸ. ಅವರ ಹಗಲು ನಮ್ಮ ರಾತ್ರಿ. ಒಂಬತ್ತೂವರೆಗೆ, ಊಟದ ತಾಟು ಮುಂದಿರುವಾಗಲೇ ಮೀಟಿಂಗ್ ಶುರುವಾಗುತ್ತದೆ. ಇದಲ್ಲದೆ ಆನ್‌ಕಾಲ್ ಎಂಬ ಪಾಳಿಯಿದೆ. ಆ ವಾರ ಸರ್ವರ್ ಯಾವ ಹೊತ್ತಿನಲ್ಲಿ ನಿಂತರೂ ಫೋನ್ ಕೂಗುತ್ತದೆ, ಹದಿನೈದು ನಿಮಿಷದೊಳಗೆ ಎದ್ದು ಕೂರಬೇಕು. ನಮ್ಮ ತಂಡದ ಇಬ್ಬರು ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಪಾಳಿ ವಾರ ಬಿಟ್ಟು ವಾರ ಬರತೊಡಗಿತು. ಕೊನೆಗೆ ಫೋನ್ ಕೂಗದ ರಾತ್ರಿಯಲ್ಲೂ ಕೂಗಿದಂತಾಗಿ ಎಚ್ಚರಾಗುತ್ತಿತ್ತು. ಕೋಡಿನ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗಿಳಿಯದು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಮೇಲೆ ಎಲ್ಲರೆದುರು ಸಿಡುಕಿದೆ; ಅವಳ ತಪ್ಪೇನೂ ಇರಲಿಲ್ಲ. ಒಂದು ಕಾಲಕ್ಕೆ ರಾತ್ರಿಯೆಲ್ಲ ಹುಡುಕಿ ದೋಷ ಹಿಡಿದಾಗ ಕುಣಿಯುವಷ್ಟು ಖುಷಿಯಾಗುತ್ತಿತ್ತು. ಅದು ಎಂದು ಆರಿತೋ ಗೊತ್ತಾಗಲಿಲ್ಲ.

ಯುಗಾದಿಗೆ ಊರಿಗೆ ಬಂದವನು ಅಪ್ಪನಿಗೆ ಹೇಳಿದೆ: "ದಣದೀನಿ ಅಪ್ಪಾ. ನೌಕರಿ ಬಿಡ್ತೀನಿ."

"ಎ.ಸಿ.ಯಾಗ ಕುಂತ ಮಾಡೂ ಕೆಲಸಕ್ಕ ಎಂಥಾ ದಣಿವೋ ತಮ್ಮಾ?"

ಅವನು ಹಂಗಿಸಲಿಲ್ಲ, ಗೊತ್ತಿಲ್ಲದೆ ಕೇಳಿದ. ನನಗೆ ಉತ್ತರ ಹೊರಡಲಿಲ್ಲ.

ಮರುದಿನ ಅವನ ಹಿಂದೆ ದ್ರಾಕ್ಷಿ ಬಾಗಕ್ಕೆ ಹೋದೆ. ಹಣ್ಣು ಇಳಿಸಿ ಮೂರು ವಾರವಾಗಿತ್ತು, ಬಳ್ಳಿ ಸವರುವ ಏಪ್ರಿಲ್ ಛಾಟಣಿ ಇನ್ನೂ ಆಗಿರಲಿಲ್ಲ. ಬಳ್ಳಿಯಲ್ಲಿ ಒಂದು ಗೊನೆಯಿಲ್ಲ, ಆದರೂ ಅಪ್ಪ ಡ್ರಿಪ್ಪಿನಲ್ಲಿ ನೀರು–ಗೊಬ್ಬರ ಬಿಡುತ್ತಿದ್ದ. ಬಾಜೂಕಿನವರು ಆಗಲೇ ಕತ್ತರಿ ಹಾಕಿದ್ದಾರಲ್ಲ ಎಂದೆ. "ಹಣ್ಣ ಹೊತ್ತ ದಣದೈತಿ ಗಿಡ. ಇನ್ನೊಂದೀಟ ಕಸುವು ತುಂಬಿಕೊಳ್ಳಲಿ. ಈಗ ಕತ್ತರಿ ಹಚ್ಚಿದ್ರ ಬರೇ ಕಡ್ಡಿ ಬರತಾವ, ಕಾಯಿ ಹಿಡಿಯೂದಿಲ್ಲ" ಅಂದ. ಅಂದವನೇ ತಿರುಗಿ ನನ್ನ ಮುಖ ನೋಡಿದ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದ: "ರಾತ್ರಿ ನಿದ್ದಿ ಬರತೈತೇನು?"

ನನ್ನ ಚೇತರಿಕೆ ಶುರುವಾದದ್ದು ಆ ಪ್ರಶ್ನೆಯಿಂದ.

ಈ ದಣಿವು ಸೋಮಾರಿತನವಲ್ಲ, ಪಟ್ಟಣದ ನಾಜೂಕೂ ಅಲ್ಲ. 'ಬರ್ನ್‌ಔಟ್' ಎಂಬ ಈ ಸ್ಥಿತಿಯ ಬಗ್ಗೆ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲೇ ಬರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ ಇದಕ್ಕೂ ಜಾಗವಿದೆ. ಅಲ್ಲಿ ಇದನ್ನು ಕಾಯಿಲೆ ಎಂದು ಕರೆದಿಲ್ಲ; ಕೆಲಸದ ಜಾಗದ ಒತ್ತಡ ನಿವಾರಣೆಯಾಗದೆ ಬಹುಕಾಲ ಉಳಿದಾಗ ಹುಟ್ಟುವ ಸ್ಥಿತಿ ಎಂದಿದೆ. ಲಕ್ಷಣ ಮೂರು: ಕಸುವೇ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ತನ್ನಿಂದ ಏನೂ ಆಗುವುದಿಲ್ಲ ಎನ್ನಿಸುವುದು. ನನ್ನಲ್ಲಿ ಮೂರೂ ಇದ್ದವು. ರವಿವಾರ ಹನ್ನೆರಡು ತಾಸು ಮಲಗಿದರೆ ಬರೀ ದಣಿವು ಇಳಿಯುತ್ತದೆ, ಇದು ಇಳಿಯುವುದಿಲ್ಲ.

ಹಾಗಾದರೆ ನೌಕರಿ ಬಿಟ್ಟುಬಿಡಬಹುದಲ್ಲ? ನಮ್ಮಂಥ ಮನೆಗಳಲ್ಲಿ ಆ ಪಗಾರದ ಮೇಲೆ ಬಾಗದ ಸಾಲ ನಿಂತಿರುತ್ತದೆ, ತಂಗಿಯ ಕಾಲೇಜು ನಿಂತಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ದಣಿದ ತಲೆಯಿಂದ ತೆಗೆದುಕೊಂಡ ತೀರ್ಮಾನ ನಮ್ಮದಲ್ಲ, ದಣಿವಿನದು. ಹೊಸ ಕಂಪನಿಗೆ ಹೋದರೂ ಅದೇ ರಾತ್ರಿ ಮೀಟಿಂಗಿಗೆ, ಇಲ್ಲ ಎನ್ನಲು ಬಾರದ ಅದೇ ನಾಲಿಗೆ ಹೊತ್ತುಕೊಂಡು ಹೋಗುತ್ತೇವೆ. ಅವಮಾನ ಮಾಡುವ, ಜೀವಕ್ಕೇ ಕುತ್ತು ತರುವ ಜಾಗವಾದರೆ ನಾಳೆಯೇ ಹೊರಬನ್ನಿ. ನನ್ನದು ಹಾಗಿರಲಿಲ್ಲ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ನಾನು ಹೇಳಿರಲಿಲ್ಲ ಅಷ್ಟೇ.

ಮೊದಲು ಮಿರಜಿನಲ್ಲಿ ಒಬ್ಬ ಡಾಕ್ಟರರಿಗೆ ತೋರಿಸಿದೆ. ಅಲ್ಲಿ ಆಸ್ಪತ್ರೆ ಕಟ್ಟಿದ ಡಾಕ್ಟರ್ ವಾನ್ಲೆಸ್ ಅವರ ಕಾಲದಿಂದ ಸುತ್ತಲ ಸೀಮೆಯವರೆಲ್ಲ ಗುಣವಾಗಲು ಹೋಗುವ ಊರದು. ಕಾಲು ಮುರಿದರೆ ಹೋಗುತ್ತೇವೆ, ನಿದ್ದೆ ಮುರಿದರೆ ಹೋಗುವುದಿಲ್ಲ. ಡಾಕ್ಟರರು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು. ನನಗೆ ಬಿ12 ಕಡಿಮೆಯಿತ್ತು. ಮಾಂಸ ತಿನ್ನದ ನಮ್ಮ ಮನೆಗಳಲ್ಲಿ ಇದು ಅಪರೂಪವಲ್ಲ. ದಣಿವಿನ ಒಂದು ಪಾಲಿಗೆ ಸೂಜಿ ಸಾಕಾಯಿತು. ಉಳಿದ ಪಾಲಿಗೆ ಸಾಲಲಿಲ್ಲ.

ಪುಣೆಗೆ ಮರಳಿ ಮ್ಯಾನೇಜರಿಗೆ ಬರೆದೆ. ಅಳುಮುಖ ಮಾಡಿಕೊಂಡು ಕ್ಯಾಬಿನ್ನಿಗೆ ಹೋಗುವ ಬದಲು ಲೆಕ್ಕ ಬರೆದೆ: ಮೂರು ತಿಂಗಳಲ್ಲಿ 31 ರಾತ್ರಿ ಎದ್ದಿದ್ದೇನೆ, ಅದರಲ್ಲಿ ನಿಜವಾಗಿ ಏಳಲೇಬೇಕಿದ್ದದ್ದು ಏಳು ರಾತ್ರಿ, ಮಿಕ್ಕವೆಲ್ಲ ಸುಳ್ಳು ಅಲಾರಂ. ಗೆಳೆಯರೇ, ನೀವೂ ಈ ಲೆಕ್ಕ ಇಟ್ಟು ನೋಡಿ. "ನನಗೆ ಆಗುತ್ತಿಲ್ಲ" ಎಂಬ ಮಾತಿಗೆ ಸಿಗುವುದು ಸಮಾಧಾನ, ಲೆಕ್ಕಕ್ಕೆ ಉತ್ತರ ಸಿಗುತ್ತದೆ. ಸುಳ್ಳು ಅಲಾರಂಗಳನ್ನು ಸರಿಪಡಿಸಲು ಎರಡು ವಾರ ಕೊಟ್ಟರು. ರಾತ್ರಿ ಎದ್ದವನು ಮರುದಿನ ತಡವಾಗಿ ಬರಬಹುದೆಂದಾಯಿತು. ಎರಡು ಪ್ರಾಜೆಕ್ಟುಗಳಲ್ಲಿ ಒಂದನ್ನು ಇಳಿಸಿದರು. ರಾತ್ರಿ ಮೀಟಿಂಗ್ ತಪ್ಪಲಿಲ್ಲ, ವಾರಕ್ಕೆ ಐದಿದ್ದದ್ದು ಎರಡಾಯಿತು. ಪಾಳಿಯಿಲ್ಲದ ವಾರಗಳಲ್ಲಿ ಆಫೀಸಿನ ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕಿದೆ. ಕೂಡಿಟ್ಟ ರಜೆಯಲ್ಲಿ ಹನ್ನೆರಡು ದಿನ ಒಟ್ಟಿಗೆ ತೆಗೆದುಕೊಂಡೆ. ಮೊದಲ ನಾಲ್ಕು ದಿನ ಕೈ ಸುಮ್ಮನೆ ಫೋನಿನ ಕಡೆ ಹೋಗುತ್ತಿತ್ತು, ಐದನೆಯ ರಾತ್ರಿ ನಿದ್ದೆ ಬಂತು. ಕೆಲಸಕ್ಕೆ ಮರಳಿದ ಮೇಲೆ ದಿನಕ್ಕೊಂದು ಸಣ್ಣ ಕೆಲಸವನ್ನಾದರೂ ಪೂರ್ತಿ ಮುಗಿಸಿ ಏಳುವುದೆಂದು ಹಟ ಹಿಡಿದೆ. ಕಳೆದುಹೋದ ನಂಬಿಕೆ ಹನಿಹನಿಯಾಗಿ ಬಂದದ್ದು ಅದರಿಂದಲೇ. ಪೂರಾ ಎಂಟು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಮತ್ತೆ ಕುಸಿದೆ.

ಹೆಚ್ಚು ದುಡಿದವನೇ ದೊಡ್ಡವನು ಎಂಬ ಮಾತು ಈಗ ಜೋರಾಗಿ ಕೇಳುತ್ತಿದೆ. 2023ರಲ್ಲಿ ದೊಡ್ಡ ಉದ್ಯಮಿಯೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರಲ್ಲಿ ಇನ್ನೊಬ್ಬರ 90 ಗಂಟೆಯ ಮಾತು ಹೊರಬಂತು. ಇದಕ್ಕೆ ಕಾಯಕದ ಹೆಸರು ಕೊಡುವವರು ನಮ್ಮಲ್ಲೂ ಇದ್ದಾರೆ. ನನಗೆ ಅದು ನೋವು ತರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದೇ ಶರಣ ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಹೆಚ್ಚಿಗೆ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ತಿರುಗಿ ಚೆಲ್ಲಿ ಬರಲು ಕಳಿಸಿದಳು. ಕಾಯಕಕ್ಕೆ ಅಳತೆ ಕಟ್ಟಿದವರು ಅವರು. ಇನ್ನು ಈ ಕಾಲದ ಅಳತೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35–40 ಗಂಟೆ ದುಡಿಯುವವರಿಗಿಂತ ಸುಮಾರು ಶೇಕಡಾ 35ರಷ್ಟು ಹೆಚ್ಚು.

ಹಿರಿಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಸೀಮೆಯವರು ನಾವು. ಮಗನೋ ಸೊಸೆಯೋ ಫೋನಿನಲ್ಲಿ "ಸಾಕಾಗೇತಿ" ಎಂದರೆ ಪಗಾರ ಎಷ್ಟು ಏರಿತು ಎಂದು ಕೇಳುವ ಮೊದಲು ನಿದ್ದೆ ಬರುತ್ತದೆಯೇ ಎಂದು ಕೇಳಿ. ಮದುವೆಯಾದ ಹೆಣ್ಣುಮಕ್ಕಳನ್ನು ಎರಡು ಸಲ ಕೇಳಿ. ಅವರಿಗೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇನ್ನೊಂದು ಪಾಳಿ ಅಡಿಗೆಮನೆಯಲ್ಲಿ ಕಾದಿರುತ್ತದೆ. ಹಬ್ಬಕ್ಕೆ ಬಂದವರು ಹಗಲು ಮಲಗಿದರೆ ಮಲಗಲು ಬಿಡಿ.

ಓರಿಗೆಯವರೇ, ಮನೆಯಲ್ಲಿ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕಾಲೇಜು ಮರಾಠಿ ನೆಲದಲ್ಲಿ ಮುಗಿಸಿ, ಕೆಲಸ ಇಂಗ್ಲಿಷಿನಲ್ಲಿ ಮಾಡುವ ನಮಗೆ ಒಳಗಿನ ಸಂಕಟ ಬಾಯಿಗೆ ಬರುವುದು ಮಾತ್ರ ಅವ್ವನ ಮಾತಿನಲ್ಲೇ. ಸತ್ತುಹೋಗಬೇಕು ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ಈ ಫೋನನ್ನು ನಾಳೆಗೆ ಇಡಬೇಡಿ, ಇವತ್ತೇ 14416ಕ್ಕೆ ಫೋನ್ ಮಾಡಿ. ಕಂಪನಿಯಲ್ಲಿ ಆಪ್ತಸಲಹೆಯ ಸೌಲಭ್ಯ ಇದೆಯೇ ಎಂದೂ ಕೇಳಿ ನೋಡಿ.

ಏಪ್ರಿಲ್ ಛಾಟಣಿಗೆ ನಾನು ಊರಿಗೆ ಬರುತ್ತಿದ್ದೇನೆ. ಮೂರು ರವಿವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಫೋನ್ ಮನೆಯಲ್ಲಿಟ್ಟು ಬನ್ನಿ. ನಮ್ಮಪ್ಪನೂ ಬರುತ್ತೇನೆಂದಿದ್ದಾನೆ.